ಮಾಸ್ಟರ್ ಹೇಳಿ ಬರೆಸಿದ ಶೇಡುಗಳು

ಅಚ್ಚುಕಟ್ಟು ನನಗೆ ಚಿಕ್ಕಂದಿನಿಂದ ಬಂದ ಗುಣ. ಮೈಸೂರಿನವಳಾದ ನನ್ನಮ್ಮ ಬೈದು ಬೈದು ಕಲಿಸಿದ್ದು. ಅದನ್ನೇ ದೊಡ್ಡದಾಗಿ ಹೇಳಿಕೊಂಡು ತಿರುಗಿದವಳು ನಾನು. ಈಗ ಯಾರಾದರೂ ಹೊಗಳಿದರೆ ಮಾತು ಬದಲಿಸುತ್ತೇನೆ.

ಎಂಬತ್ತರ ದಶಕದ ಕೊನೆಯಲ್ಲಿ ಮುಂಬಯಿಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಬಟ್ಟೆಗೆ ಬಣ್ಣ ಹಾಕುವ ಸಣ್ಣ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಇದ್ದದ್ದು ಒಂದೇ ಯುನಿಕ್ಸ್ ಯಂತ್ರ. ದಿನವೂ ಸಂಜೆ ಏಳಕ್ಕೆ ಅದು ತನ್ನಷ್ಟಕ್ಕೇ ಡಿಸ್ಕನ್ನು ಪರೀಕ್ಷಿಸಿ, ಅದರಲ್ಲಿದ್ದುದನ್ನೆಲ್ಲ ಟೇಪಿಗೆ ನಕಲು ಮಾಡಿ, ಏನೇನಾಯಿತೆಂದು ಒಂದು ಚೀಟಿ ಅಚ್ಚು ಹಾಕುತ್ತಿತ್ತು. ಬೆಳಿಗ್ಗೆ ಆ ಚೀಟಿ ಹರಿದು ಫೈಲಿಗೆ ಸೇರಿಸುವುದು ನನ್ನ ಕೆಲಸ.

ಒಂದು ದಿನ ಪ್ರೋಗ್ರಾಮುಗಳೆಲ್ಲ ಡಿಸ್ಕಿನಲ್ಲಿ ಎಲ್ಲೆಂದರಲ್ಲಿ ಚೆಲ್ಲಾಡಿರುವುದನ್ನು ಕಂಡು ಮೈ ಉರಿಯಿತು. ಎಲ್ಲವನ್ನೂ ಹೊಸ ಡೈರೆಕ್ಟರಿಯೊಂದಕ್ಕೆ ಸಾಗಿಸಿದೆ. ನಕಲು ಮಾಡುವ ಪ್ರೋಗ್ರಾಮೂ ಅದರಲ್ಲಿತ್ತು. ಕೈಯಾರೆ ಓಡಿಸಿ ನೋಡಿದೆ, ಓಡಿತು. ಸಂಜೆ ಏಳಕ್ಕೆ ಯಂತ್ರ ಅದನ್ನು ಹಳೆಯ ವಿಳಾಸದಲ್ಲೇ ಕೇಳುತ್ತದೆ ಎಂಬುದು ಹೊಳೆಯಲಿಲ್ಲ. ಸಾಸಿವೆ ಡಬ್ಬಿಯ ಜಾಗ ಬದಲಾದರೆ ಮನೆಯವರು ಬೈದುಕೊಂಡಾದರೂ ಹುಡುಕುತ್ತಾರೆ. ಯಂತ್ರ ಹುಡುಕುವುದಿಲ್ಲ.

ಅದೇ ತಿಂಗಳು ನಮ್ಮ ಬಣ್ಣದ ಮಾಸ್ಟರ್ ನನ್ನ ಮೇಜಿನ ಬಳಿ ಬಂದರು. ಉಡುಪಿ ಕಡೆಯವರು, ಬೈಕುಲ್ಲಾದ ಮಿಲ್ಲು ಮುಚ್ಚಿದ ಮೇಲೆ ನಮ್ಮಲ್ಲಿ ಸೇರಿದ್ದರು. ಯಾವ ಶೇಡಿಗೆ, ಎಂದರೆ ಬಣ್ಣದ ಛಾಯೆಗೆ, ಯಾವ ಪುಡಿ ಎಷ್ಟು, ಉಪ್ಪು ಯಾವಾಗ, ಸೋಡಾ ಯಾವಾಗ, ಎಲ್ಲ ಅವರ ತಲೆಯಲ್ಲಿ. ಅವರ ಕಾಲದ ಮಾಸ್ಟರುಗಳು ಶೇಡಿನ ಗುಟ್ಟನ್ನು ಕಾಗದಕ್ಕೆ ಇಳಿಸುತ್ತಿರಲಿಲ್ಲ. ಕಾಗದ ಕದ್ದವನು ಮಾಸ್ಟರಾಗುತ್ತಾನೆ, ಬರೆದವನು ಮನೆಗೆ ಹೋಗುತ್ತಾನೆ. ಆದರೆ ಅವರಿಗೆ ಮರೆವು ಶುರುವಾಗಿತ್ತು. ಹಿಂದಿನ ವಾರವಷ್ಟೇ ಸೋಡಾ ಎರಡು ಸಲ ಹಾಕಿ ಒಂದು ತೊಟ್ಟಿ ಬಟ್ಟೆ ಹಾಳಾಗಿತ್ತು.

"ನನ್ನ ತಲೆ ಖಾಲಿ ಆಗುವ ಮೊದ್ಲು ಬರ್ಕೊ ಮಾರಾಯ್ತಿ," ಎಂದರು. "ಕಾಗದ ಬೇಡ. ಇದರ ಹೊಟ್ಟೆಯೊಳಗೇ ಇರ್ಲಿ."

ನಾಲ್ಕು ತಿಂಗಳು, ದಿನಾ ಊಟದ ನಂತರ ಅವರು ಕಣ್ಣು ಮುಚ್ಚಿಕೊಂಡು ಹೇಳಿದರು, ನಾನು ಟೈಪು ಮಾಡಿದೆ. ಕೆಲವು ಶೇಡುಗಳಿಗೆ ಹೆಸರೇ ಇರಲಿಲ್ಲ. ಒಂದನ್ನು ಹೆಂಡತಿಯ ಮೊದಲ ಸೀರೆಯದ್ದು ಎಂದರು, ಹಾಗೆಯೇ ಬರೆದುಕೊಂಡೆ. ಆಕೆ ತೀರಿಕೊಂಡು ಬಹಳ ವರ್ಷವಾಗಿತ್ತು. ಎಲ್ಲ ಮುಗಿದ ದಿನ, ಇನ್ನು ಮರೆತರೂ ಅಡ್ಡಿಯಿಲ್ಲ ಎಂದು ನಕ್ಕು, ಎಲ್ಲರಿಗೂ ಚಹಾ ತರಿಸಿದರು.

ಮುಂದಿನ ವಾರ ಡಿಸ್ಕು ಕೆಟ್ಟಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೂ ಟೇಪು ಇದೆಯಲ್ಲ ಎಂದು ನಾನು ಧೈರ್ಯವಾಗಿಯೇ ಇದ್ದೆ. ಟೇಪಿನಲ್ಲಿ ಇದ್ದದ್ದು ನಾಲ್ಕು ತಿಂಗಳ ಹಿಂದಿನದ್ದು. ಮಾಸ್ಟರ್ ಹೇಳಿದ ಒಂದು ಶೇಡೂ ಇರಲಿಲ್ಲ. ಚೀಟಿಗಳ ಫೈಲು ತೆರೆದೆ. ತಾರೀಖಿನ ಪ್ರಕಾರ ಜೋಡಿಸಿದ, ಅಂಚು ಸರಿಯಾಗಿ ಕೂಡಿಸಿ ತೂತು ಹೊಡೆದ ಚೀಟಿಗಳು. ಆ ನಾಲ್ಕು ತಿಂಗಳ ಪ್ರತಿಯೊಂದರ ಕೊನೆಯಲ್ಲೂ ಪ್ರೋಗ್ರಾಮು ಸಿಗಲಿಲ್ಲ ಎಂಬ ಒಂದೇ ಸಾಲು. ಯಂತ್ರ ದಿನಾ ಹೇಳುತ್ತಲೇ ಇತ್ತು. ಒಂದನ್ನೂ ನಾನು ಓದಿರಲಿಲ್ಲ.

ಮಾಸ್ಟರಿಗೆ ನಾನೇ ಅತ್ತುಕೊಂಡು ಹೇಳಿದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ತಮ್ಮ ಉಗುರಿನ ಸಂದಿಯ ನೀಲಿಯನ್ನು ನೋಡುತ್ತ ಕೂತರು. ಆಮೇಲೆ, ಅಳಬೇಡ, ನಾಳೆಯಿಂದ ಮತ್ತೆ ಶುರು ಮಾಡುವ ಎಂದರು.

ಮರುದಿನ ಊಟ ಮುಗಿಸಿ ಬಂದು ಕಣ್ಣು ಮುಚ್ಚಿ ಕೂತರು. ಸುಲಭದ್ದರಿಂದ ಶುರುವಾಗಲಿ ಎಂದು, ದಿನಾ ಹಾಕುವ ಕಪ್ಪು ಬಣ್ಣದ್ದನ್ನೇ ಕೇಳಿದೆ. ತುಟಿ ಅಲುಗಿತು, ಬೆರಳು ಮಡಚಿ ಏನೋ ಎಣಿಸಿದರು. ಕೊನೆಗೆ ಕಣ್ಣು ತೆರೆದು, ನನ್ನನ್ನೇ ಸಮಾಧಾನ ಮಾಡುವವರಂತೆ ನಕ್ಕರು.

"ಈಗ ನೆನಪಿಗೆ ಬರುದಿಲ್ಲ. ನೀನು ಎಲ್ಲ ಕಂಪ್ಯೂಟರಲ್ಲಿ ಬರೆದಿಟ್ಟಿದ್ದಿಯಲ್ಲ, ಅದ್ರಲ್ಲಿ ನೋಡು."

ನಿನ್ನೆ ಹೇಳಿದ್ದನ್ನು ಇನ್ನೊಂದು ಸಲ ಹೇಳಲು ನನಗೆ ಬಾಯಿ ಬರಲಿಲ್ಲ.

"ಹೌದು ಮಾಸ್ಟರ್," ಎಂದೆ. "ಅದರಲ್ಲೇ ಇದೆ."