ಟೆರಿಯರ್‌ಗೊಂದು ಮೂಲಿ

ಪಶುವೈದ್ಯೆಯಾಗಿ ನಾನು ಲಕ್ಷ್ಮೇಶ್ವರಕ್ಕೆ ಬಂದ ಹೊಸತು. ದವಾಖಾನೆ ಮುಗಿಸಿ ಬಾಡಿಗೆ ಕೋಣೆಗೆ ಹೋದರೆ ಮಾತಾಡಲು ಯಾರೂ ಇರಲಿಲ್ಲ. ಒಂದು ಸಂಜೆ ಅರಿವೆ ಅಂಗಡಿಯವರ ಸೊಸೆ ಮನೆಗೆ ಕರೆಸಿದಳು. ಅವರ ಪುಟ್ಟ ಟೆರಿಯರ್ ನಾಯಿ ಸಣ್ಣ ಮಗಳ ಮೇಲೆ ಗುರ್ರೆಂದಿತ್ತಂತೆ.

"ನಾಳೆ ಕಡದ್ರ ಏನ್ ಮಾಡೂದ್ರಿ ಮೇಡಂ? ನೀವ ಒಯ್ದು ಸಾಕ್ಕೊಳ್ರಿ," ಅಂದಳು.

ಅಷ್ಟರಲ್ಲಿ ನಾಯಿ ನನ್ನ ತೊಡೆಯೇರಿ ಕೂತಿತ್ತು. ಹೂಂ ಅನ್ನಲು ಬಾಯಿ ತೆರೆದೆ. ಆ ಹುಡುಗಿ ಅಳುತ್ತ ಅವ್ವನ ಸೆರಗು ಹಿಡಿದಳು.

"ಯವ್ವಾ, ಅದು ರೊಟ್ಟಿ ತಿನ್ನೂ ಮುಂದ ನಾನ ಬಾಲ ಜಗ್ಗೀನಿ. ಅದನ್ನ ಕಳಸಬ್ಯಾಡಬೇ!"

ಇನ್ನು ಖರೆ ಹೇಳದೆ ವಿಧಿಯಿರಲಿಲ್ಲ.

"ನಾಯಿದು ತಪ್ಪಿಲ್ರಿ, ಕಳಸೂದು ಬ್ಯಾಡ. ಉಣ್ಣಾಕ, ಮಲಗಾಕ ಅದಕ್ಕೊಂದು ಮೂಲಿ ಕೊಡ್ರಿ. ಅಲ್ಲಿ ಹುಡುಗ್ರನ್ನ ಬಿಡಬ್ಯಾಡ್ರಿ. ನೀವು ಇಲ್ಲದಾಗ ಹುಡುಗಿ, ನಾಯಿ ಇಬ್ಬರನ್ನೂ ಒಂದ ಕಡೆ ಬಿಡಬ್ಯಾಡ್ರಿ," ಎಂದೆ.

ಸೊಸೆ ಅಡುಗೆಮನೆ ಪಕ್ಕದ ಮೂಲೆಯಲ್ಲಿ ಗೋಣಿಚೀಲ ಹಾಸಿದಳು. ನಾಯಿ ನನ್ನ ತೊಡೆಯಿಂದ ಇಳಿದು ಅಲ್ಲಿ ಹೋಗಿ ಮಲಗಿತು, ತಿರುಗಿ ನೋಡಲಿಲ್ಲ. ಹುಡುಗಿ ಕಣ್ಣೊರೆಸಿಕೊಂಡು ದೂರದಲ್ಲೇ ಕುಳಿತು ಅದನ್ನು ನೋಡುತ್ತಿದ್ದಳು.

"ಭಾಳ ಚಲೋ ಆತ್ರಿ," ಎಂದು ಸೊಸೆ ಬಾಗಿಲತನಕ ಬಂದು ಕಳಿಸಿದಳು. ನನ್ನ ಚೂಡಿದಾರಿಗೆ ನಾಯಿಯ ಬಿಳಿ ಕೂದಲು ಹತ್ತಿತ್ತು. ಕೋಣೆಗೆ ಬಂದ ಮೇಲೂ ಕೊಡವಲು ಮನಸ್ಸಾಗಲಿಲ್ಲ. ನನ್ನ ಸಲಹೆ ಅಷ್ಟು ಜಲ್ದಿ ಫಲ ಕೊಡಬಾರದಿತ್ತು ಅಂತ ಈಗಲೂ ಒಮ್ಮೊಮ್ಮೆ ಅನಿಸುತ್ತದೆ.