ಒಂದು ಗೇಣು ದೂರದ ಒದೆ

ನಮ್ಮ ಕರಾಟೆ ಮೇಷ್ಟ್ರು ಬಲಗೈ ಅಗಲಿಸಿದರೆ ನನ್ನ ಇಡೀ ಮುಖ ಅದರ ಹಿಂದೆ ಮರೆಯಾಗುತ್ತಿತ್ತು. ಹೆಬ್ಬೆರಳಿನಿಂದ ಕಿರುಬೆರಳಿಗೆ ಅಷ್ಟು ದೊಡ್ಡ ಗೇಣು. ಎದುರಾಳಿಯ ಎದೆಗೂ ನಮ್ಮ ಮುಷ್ಟಿಗೂ ನಡುವೆ ಅದನ್ನೇ ಹಿಡಿದು, "ಕೈ ಎತ್ತೋದು ಎಲ್ರಿಗೂ ಬರುತ್ತೆ ಕಣಮ್ಮ, ಇಲ್ಲಿ ನಿಲ್ಸು" ಅನ್ನುತ್ತಿದ್ದರು. ಬಸ್ಸಿನಲ್ಲಿ ಮೈ ಮುಟ್ಟಿದವನ ಮೂತಿ ಒಡೆಯಬೇಕೆಂದೇ ಸೇರಿಕೊಂಡಿದ್ದ ನನಗೆ ಈ ನಿಲ್ಲಿಸುವ ಪಾಠ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನ ತಾರಸಿಯ ಮೇಲೆ ನಮ್ಮ ಕ್ಲಾಸು. ಕೆಳಗೆ ಹೊಲಿಗೆ ಮೆಷಿನ್ನುಗಳ ಸದ್ದು, ಮೇಲೆ ನಮ್ಮ ಅರಚಾಟ. ಮೇಷ್ಟ್ರು ಒಂದು ಕಾಲಕ್ಕೆ ಐದಾರು ಸಿನಿಮಾಗಳ ಹೀರೋ. ಎಲ್ಲವೂ ಕಡಿಮೆ ಖರ್ಚಿನ ಹೊಡೆದಾಟದ ಚಿತ್ರಗಳು. ಆಗ ಮಾಗಡಿ ರಸ್ತೆಯ ಗೋಡೆಗಳ ಮೇಲೆ ಅವರ ಪೋಸ್ಟರ್ ಇರುತ್ತಿತ್ತಂತೆ, ಕಾಲು ತಲೆಗಿಂತ ಮೇಲೆ. ನಾನು ಕಂಡ ಹೊತ್ತಿಗೆ ಬಸ್ಸು ಹೊರಟರೂ ಓಡದ, ತರಕಾರಿ ಚೀಲ ಹಿಡಿದು ನಿಧಾನ ನಡೆಯುವ ಮನುಷ್ಯ. ತಡವಾಗಿ ಬಂದವರಿಗೆ ಬೈಯುತ್ತಿರಲಿಲ್ಲ, ತಾರಸಿ ಗುಡಿಸಲು ಪೊರಕೆ ಕೊಡುತ್ತಿದ್ದರು. ಎಷ್ಟೋ ದಿನ ನಾನೇ ಗುಡಿಸಿದ್ದೇನೆ.

ಕೆಲಸಕ್ಕೆ ಸೇರಿದ ಮೇಲೂ ಭಾನುವಾರದ ಕ್ಲಾಸು ತಪ್ಪಿಸುತ್ತಿರಲಿಲ್ಲ. ಒಂದು ದಿನ ಆಫೀಸಿನಲ್ಲಿ ಹುಡುಗರು ಫೋನಿನ ಸುತ್ತ ಸೇರಿ ಬಿದ್ದೂ ಬಿದ್ದೂ ನಗುತ್ತಿದ್ದರು. "ಮಗಾ, ಗಾಳಿಗೆ ಒದ್ರೆ ವಿಲನ್ ಹಾರ್ತಾನೆ ನೋಡು!" ಇಣುಕಿದರೆ ನಮ್ಮ ಮೇಷ್ಟ್ರು. ಅವರ ಕಾಲು ಆ ಖಳನ ಮುಖದಿಂದ ಒಂದು ಗೇಣು ದೂರದಲ್ಲೇ ನಿಲ್ಲುತ್ತದೆ, ಆದರೂ ಅವನು ಹಾರಿ ಹುಲ್ಲಿನ ಮೆದೆಗೆ ಬೀಳುತ್ತಾನೆ. ಹಳೆಯ ಚಿತ್ರದ ಆ ತುಣುಕನ್ನು ಊರೆಲ್ಲ ಹಂಚಿಕೊಂಡು ನಗುತ್ತಿತ್ತು.

ಸಂಜೆ ನೇರವಾಗಿ ಅವರ ಮನೆಗೆ ಹೋದೆ. "ಸಾರ್, ನಿಮ್ಮನ್ನ ಆಡ್ಕೊಂಡು ನಗ್ತಿದಾರೆ."

ಕನ್ನಡಕ ಹಾಕಿಕೊಂಡು ನನ್ನ ಫೋನಿನಲ್ಲಿ ಆ ತುಣುಕನ್ನು ಎರಡು ಸಲ ನೋಡಿದರು. "ಏಟು ಬಿದ್ದಿಲ್ಲ ಅಂತ ತಾನೇ ನಗ್ತಿರೋದು? ನಿಜ, ಬಿದ್ದಿಲ್ಲ."

ಆಮೇಲೆ ಹೇಳಿದರು. ಅದರ ಹಿಂದಿನ ಚಿತ್ರದಲ್ಲಿ ಅಂದಾಜು ತಪ್ಪಿ ಅವರ ಒದೆ ಒಬ್ಬ ಫೈಟರ್‌ನ ಕಿವಿಗೆ ನಿಜವಾಗಿಯೇ ಬಿದ್ದಿತ್ತು. ಗಾಯ ಮಾಯಿತು, ಎಡಗಿವಿ ಮಾತ್ರ ಮತ್ತೆ ಕೇಳಿಸಲಿಲ್ಲ. ಅದು ಅವರಿಬ್ಬರಿಗೇ ಗೊತ್ತು. ಅಂದಿನಿಂದ ಮೇಷ್ಟ್ರ ಕಾಲು ಯಾರ ಹತ್ತಿರವೂ ಹೋಗಲಿಲ್ಲ. ನಿರ್ದೇಶಕರು ಗೋಗರೆದರು, ರೇಗಿದರು, ಇವರು ಜಪ್ಪಯ್ಯ ಅನ್ನಲಿಲ್ಲ. ಚಿತ್ರಗಳು ಮಕಾಡೆ ಮಲಗಿದವು. ಕರೆಯುವವರೂ ಇಲ್ಲವಾದರು.

"ಇಲ್ಲಿ ಹಾರ್ತಾನಲ್ಲ, ಇವನೇ ಅವನು. ಇವನಿಲ್ದೆ ಪಿಕ್ಚರ್ ಮಾಡಲ್ಲ ಅಂದ್ಬಿಟ್ಟೆ."

"ಹೇಳ್ಬಿಡಿ ಸಾರ್ ಎಲ್ರಿಗೂ!"

"ಹೇಳಿದ್ರೆ ನಾನು ದೊಡ್ಡ ಮನುಷ್ಯ ಆಗ್ತೀನಿ, ಈಗ್ಲೂ ಫೈಟ್ ಮಾಡ್ತಿರೋ ಅವನ ಕೆಲಸ ಹೋಗುತ್ತೆ. ಕಿವಿ ಕೇಳ್ಸಲ್ಲ ಅಂತ ಗೊತ್ತಾದ್ರೆ ಫೈಟಿಗೆ ಯಾರಮ್ಮ ಕರೀತಾರೆ?"

ಕೆಲವು ಹುಡುಗರು ರಾಜಾಜಿನಗರದ ಒಂದು ಹಾಲ್‌ನಲ್ಲಿ ನಗಲೆಂದೇ ಆ ಚಿತ್ರ ತೋರಿಸುವ ಏರ್ಪಾಡು ಮಾಡಿ ಮೇಷ್ಟ್ರನ್ನೂ ಕರೆದರು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದರು. ಆ ಒದೆ ಬಂದಾಗ ಹಾಲ್‌ಗೆ ಹಾಲ್ ಎದ್ದು ಕೇಕೆ ಹಾಕಿತು. ತಡೆಯಲಾರದೆ ನಾನೂ ಎದ್ದೆ, ಬಾಯಿ ತೆರೆಯುವಷ್ಟರಲ್ಲಿ ಮುಖದ ಮುಂದೆ ಆ ಗೇಣು ಬಂತು. "ನಿಲ್ಸು."

ನಿಲ್ಲಿಸಿದೆ. ಅವರಿಂದ ಕಲಿತ ಎಲ್ಲದರಲ್ಲೂ ಅದೇ ಕಷ್ಟದ್ದು.

ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಕೊನೆಯ ದರ್ಶನಕ್ಕೆ ಆ ಹುಡುಗರೂ ಫೋನು ಹಿಡಿದು ಬಂದಿದ್ದರು. ಹೂಹಾರ ಹಿಡಿದು ಬಂದ ಮುದುಕರೊಬ್ಬರನ್ನು ಅವರಲ್ಲೊಬ್ಬ ಗುರುತಿಸಿ ಕೇಳಿದ: "ಅಂಕಲ್, ಏಟೇ ಬೀಳ್ದೆ ಹಾರಿದ್ದು ನೀವೇ ಅಲ್ವಾ?"

ಅವರು ಬಲಗಿವಿಯನ್ನು ಅವನತ್ತ ತಿರುಗಿಸಿದರು. ಅವನು ಇನ್ನೊಮ್ಮೆ ಕೇಳಿದ.

"ಹೂಂ ಕಣಪ್ಪ, ನಾನೇ. ಅದಕ್ಕೆ ಮುಂಚೆ ಒಂದ್ಸಲ ಬಿದ್ದಿತ್ತು, ಈ ಕಿವಿ ಹೋಯ್ತು. ಆಮೇಲೆ ಅಣ್ಣ ಯಾರಿಗೂ ಏಟು ಬೀಳಿಸಲಿಲ್ಲ. ಈಗ ಹೇಳ್ಬಹುದು, ನಾನು ಕೆಲಸ ಬಿಟ್ಟಾಯ್ತು."

ಹುಡುಗರು ಫೋನು ಕೆಳಗಿಳಿಸಿದರು. ಮುದುಕರು ಕಷ್ಟಪಟ್ಟು ಮಂಡಿಯೂರಿ, ಮೇಷ್ಟ್ರ ಬಲಗಾಲಿಗೆ ತಮ್ಮ ಎಡಗಿವಿ ಒತ್ತಿ ಕೂತರು. ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ.