ಶಮೀಮಕ್ಕನ ಎರಡು ಪರದೆಗಳು

ಹೊಸ ಮಾನಿಟರಿನ ಪೆಟ್ಟಿಗೆ ಬಿಚ್ಚಿದಾಗ ಬರುವ ಥರ್ಮಾಕೋಲಿನ ವಾಸನೆ ನಿಮಗೂ ಗೊತ್ತಿರಬೇಕು. ಹೊಸ ಚಪ್ಪಲಿಗೂ ಹೊಸ ಪ್ಲಾಸ್ಟಿಕ್ ಬಿಂದಿಗೆಗೂ ನಡುವಿನ ಒಂದು ವಾಸನೆ ಅದು. ಮೊನ್ನೆ ಬೆಳಗ್ಗೆ ಶಿರಾದ ನನ್ನ ಡಿಟಿಪಿ ಅಂಗಡಿಯ ಷಟರ್ ಎತ್ತಿ ನೋಡಿದರೆ ಒಳಗೆಲ್ಲ ಅದೇ ವಾಸನೆ. ಹಿಂದಿನ ದಿನ ಸಂಜೆ ನಮ್ಮೆಜಮಾನರು ನನಗೆ ಹೇಳದೆ ಕೇಳದೆ ದೊಡ್ಡದೊಂದು ಮಾನಿಟರ್ ತಂದು ಇಳಿಸಿ, ಪೆಟ್ಟಿಗೆಯ ಬಾಯಿ ಬಿಚ್ಚಿಟ್ಟು ಹೋಗಿದ್ದರು. ಆ ಎರಡು ಹಳೇ ಡಬ್ಬಿಗಳನ್ನು ನೋಡಿ ನೋಡಿ ನಿನ್ನ ಕಣ್ಣು ಹೋಗುತ್ತೆ, ಈಗೆಲ್ಲ ಒಂದೇ ದೊಡ್ಡ ಪರದೆ ಇಡುತ್ತಾರೆ ಎಂದು ಅವರು ವರ್ಷದಿಂದ ಹೇಳುತ್ತಲೇ ಇದ್ದರು. ಹೈಸ್ಕೂಲು ಮೇಷ್ಟ್ರು ನೋಡಿ, ಹೇಳಿದ್ದನ್ನೇ ಹೇಳುವುದು ಅವರಿಗೆ ಬೇಸರವಿಲ್ಲ. ಕೇಳಿದ್ದನ್ನೇ ಕೇಳಿ ತಲೆ ಅಲ್ಲಾಡಿಸದಿರುವುದು ನನಗೂ ಬೇಸರವಿಲ್ಲ.

ಪೆಟ್ಟಿಗೆಯನ್ನು ಹಾಗೇ ಮುಚ್ಚಿ ಮೂಲೆಗೆ ತಳ್ಳಿದೆ. ವಾಪಸ್ಸು ಕಳಿಸುವುದೆಂದು ಆ ಕ್ಷಣವೇ ತೀರ್ಮಾನವಾಗಿತ್ತು. ತೋವಿನಕೆರೆಯ ನನ್ನ ತವರಿನಲ್ಲಿ ನಾನು ಹೇಳಿದ ಮಾತು ಕೇಳುವ ಹುಡುಗಿ ಎಂದೇ ಹೆಸರಾಗಿದ್ದವಳು. ಈ ಹಟ ಅಲ್ಲಿಯದಲ್ಲ, ಶಮೀಮಕ್ಕನ ಅಂಗಡಿಯಲ್ಲಿ ಕಲಿತದ್ದು.

ಮದುವೆಯಾಗಿ ಶಿರಾಕ್ಕೆ ಬಂದ ಹೊಸದರಲ್ಲಿ ಟೈಪಿಂಗ್ ಕಲಿಯೋಣವೆಂದು ಹೋದದ್ದು ಈ ಅಂಗಡಿಗೇ. ಆಗ ಇದು ಶಮೀಮಕ್ಕನದು. ಅಂಗಡಿ ಎಂದರೆ ಎರಡು ಆಟೊ ಒತ್ತಾಗಿ ನಿಲ್ಲಿಸಿದರೆ ಎಷ್ಟು ಅಗಲವೋ ಅಷ್ಟು. ಲಗ್ನಪತ್ರಿಕೆ, ಶಾದಿ ಕಾರ್ಡು, ಟೈಲರುಗಳ ಚೀಟಿ, ಹೋಟೆಲಿನ ತಿಂಡಿ ಪಟ್ಟಿ, ಎಲ್ಲವೂ ಅಲ್ಲಿಂದ ಹೊರಡುತ್ತಿದ್ದವು. ಅಕ್ಕ ಆಡುತ್ತಿದ್ದುದು ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಗಂಡ ತೀರಿಕೊಂಡ ಮೇಲೆ ತಾನೇ ಹಟ ಹಿಡಿದು ಕೆಲಸ ಕಲಿತು ಅಂಗಡಿ ಇಟ್ಟಿದ್ದ ಹೆಂಗಸು. ಬಾಡಿಗೆ ಕರಾರು ಮಾತ್ರ ತಮ್ಮ ಅನ್ವರನ ಹೆಸರಿನಲ್ಲಿತ್ತು. ಆ ಒಂದು ಕಾರಣಕ್ಕೆ ಅನ್ವರ್ ಭಾಯಿ ದಿನಕ್ಕೊಮ್ಮೆ ಬಂದು ಬುದ್ಧಿ ಹೇಳಿ ಹೋಗುತ್ತಿದ್ದರು.

ಆಗ ನಮ್ಮ ಕಂಪ್ಯೂಟರಿನಲ್ಲಿದ್ದದ್ದು ಯಾರೋ ನಕಲು ಮಾಡಿಕೊಟ್ಟ ವಿಂಡೋಸ್. ಬಂದ ಗಿರಾಕಿಗಳೆಲ್ಲ ಪೆನ್‌ಡ್ರೈವ್ ಚುಚ್ಚಿ ಊರಿನ ವೈರಸ್ಸನ್ನೆಲ್ಲ ತಂದು ಸುರಿಯುತ್ತಿದ್ದರು. ಒಂದು ಲಗ್ನದ ಕಾಲದಲ್ಲಿ, ಕೈತುಂಬ ಕೆಲಸವಿದ್ದಾಗಲೇ, ಮಾಡಿಟ್ಟ ಕಾರ್ಡುಗಳೆಲ್ಲ ಒಂದು ಬೆಳಗ್ಗೆ ತೆರೆಯದಾದವು. ವಧು ಯಾರೋ, ವರ ಯಾರೋ, ಮುಹೂರ್ತ ಯಾವಾಗಲೋ. ರಿಪೇರಿಯವನು ಬಂದು ಮತ್ತೆ ಅದೇ ನಕಲು ಹಾಕುತ್ತೇನೆಂದ. ಶಮೀಮಕ್ಕ ಬೇಡವೆಂದರು. ಪ್ರಶ್ನೆಪತ್ರಿಕೆ ಮಾಡಿಸಲು ಮಧುಗಿರಿಯಿಂದ ಬರುತ್ತಿದ್ದ ಒಬ್ಬ ಲೆಕ್ಚರರು ವಿಂಡೋಸಿನ ಬದಲಿಗೆ ಹಾಕಬಹುದಾದ ಲಿನಕ್ಸ್ ಎಂಬುದರ ಬಗ್ಗೆ ಹೇಳಿದ್ದರು. ಅದಕ್ಕೆ ಕದ್ದ ನಕಲು ಬೇಕಿಲ್ಲ, ಪುಕ್ಕಟೆಯಾಗಿ ನ್ಯಾಯವಾಗಿಯೇ ಸಿಗುತ್ತದೆ ಎಂಬುದು ಅಕ್ಕನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಆ ಲೆಕ್ಚರರನ್ನೇ ಕರೆಸಿ ಹಾಕಿಸಿದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಬೆರಳು ನೋಯುತ್ತದೆ. ಕೈಗೆ ಹತ್ತಿದ್ದ ಕೀಲಿಮಣೆ ಬೇರೆ, ಇಲ್ಲಿಯದು ಬೇರೆ. ‘ಚಿರಂಜೀವಿ’ ಎಂದು ಹೊಡೆಯಲು ಹೋದರೆ ಇನ್ನೇನೋ ಮೂಡುತ್ತಿತ್ತು. ಪುಟ ಕಟ್ಟುವ ನಮ್ಮ ಹಳೇ ಸಾಫ್ಟ್‌ವೇರೇ ಅಲ್ಲಿರಲಿಲ್ಲ. ಅನ್ವರ್ ಭಾಯಿ, ನಮ್ಮ ಕಾರ್ಡು ಅಚ್ಚು ಹಾಕುವ ಪ್ರೆಸ್ಸಿನವರು, ಪಕ್ಕದ ಜೆರಾಕ್ಸ್ ಅಂಗಡಿಯವರು, ಎಲ್ಲರೂ ನಮ್ಮನ್ನು ನೋಡಿ ನಕ್ಕರು. ನಿಮ್ಮ ಫೈಲು ನಮ್ಮಲ್ಲಿ ತೆರೆಯಲ್ಲ ಎಂದು ಪ್ರೆಸ್ಸಿನವರು ಹೇಳಿ ಕಳಿಸಿದರೆ, ಪಿಡಿಎಫ್ ಮಾಡಿ ಕೊಡ್ತೀನಿ, ಅದನ್ನೂ ತೆರೆಯೋಕ್ಕಾಗದಿದ್ದರೆ ಪ್ರೆಸ್ ಮುಚ್ಚಿ ಅಂತ ಹೇಳು ಎಂದು ಅಕ್ಕ ವಾಪಸ್ಸು ಹೇಳಿ ಕಳಿಸಿದರು. ಒಂದು ಮಧ್ಯಾಹ್ನ ನಾನು ಕೀಲಿಮಣೆಯ ಮೇಲೆ ತಲೆಯಿಟ್ಟು, ಹಳೇದಕ್ಕೇ ಹೋಗಿಬಿಡೋಣ ಅಕ್ಕ ಎಂದು ಗೋಗರೆದೆ.

“ತೋವಿನಕೆರೆ ಬುಟ್ಟು ಬಂದಾಗ್ಲೂ ಇಂಗೇ ಅತ್ತಿದ್ದೆ ಅಲ್ವಾ ನೀನು,” ಎಂದರು ಶಮೀಮಕ್ಕ. “ವಾಪಸ್ ಹೋದ್ಯಾ?”

ಹೋಗಿರಲಿಲ್ಲ. ಹಾಗಾಗಿ ಮತ್ತೆ ಟೈಪು ಮಾಡಿದೆ. ಮಳೆಗಾಲ ಬರುವ ಹೊತ್ತಿಗೆ ಕೈ ಕುದುರಿತ್ತು. ಕನ್ನಡ, ಉರ್ದು, ತೆಲುಗು ಮೂರನ್ನೂ ಒಂದೇ ಹಾಳೆಯ ಮೇಲೆ ಕೂರಿಸುವುದು ಹಳೇದರಲ್ಲಿ ನಮಗೆ ಎಂದೂ ಸಾಧ್ಯವಾಗಿರಲಿಲ್ಲ. ಈಗ ಮೂರೂ ಜಗಳವಿಲ್ಲದೆ ಕೂತವು. ಪಾವಗಡದ ಕಡೆಯವರು ತೆಲುಗು ಕಾರ್ಡಿಗೆ ಆಂಧ್ರದ ಗಡಿ ದಾಟುವುದನ್ನು ಬಿಟ್ಟು ನಮ್ಮಲ್ಲಿಗೆ ಬರತೊಡಗಿದರು.

ಮಾನಿಟರಿನ ಜಗಳ ಆಗ ಶುರುವಾಯಿತು. ಹಳೆಯದು ಕೆಟ್ಟಿತ್ತು. ಗಿರಾಕಿಗಳಿಗೆ ಅಂಗಡಿ ಭರ್ಜರಿಯಾಗಿ ಕಾಣಲಿ, ದೊಡ್ಡದು ಒಂದು ತರೋಣ ಎಂದು ಅನ್ವರ್ ಭಾಯಿ. ಸಣ್ಣವು ಎರಡು ಬೇಕು, ಒಂದು ನಮ್ಮ ಕಡೆಗೆ, ಒಂದು ಬೆಂಚಿನ ಕಡೆಗೆ ಎಂದು ಅಕ್ಕ. ನಾವಿಲ್ಲಿ ಹೊಡೆದದ್ದು ಅಲ್ಲಿ ಕೂತವರಿಗೂ ಹಾಗೇ ಕಾಣಬೇಕು ಎಂಬುದು ಅವರ ಬಯಕೆ. ಜನಕ್ಕೆ ತೋರಿಸಿದರೆ ನೂರು ತಪ್ಪು ಹುಡುಕುತ್ತಾರೆ ಎಂದು ಭಾಯಿ ತಲೆ ಚಚ್ಚಿಕೊಂಡರು. ಹುಡುಕಲಿ, ಅವರ ಹೆಸರು ತಾನೇ ಎಂದರು ಅಕ್ಕ. ಅಕ್ಕನ ಸ್ವಂತ ಶಾದಿ ಕಾರ್ಡಿನಲ್ಲಿ ಇಂಥವರ ಮಗಳು ಎಂದಷ್ಟೇ ಇತ್ತಂತೆ, ಹೆಸರೇ ಇರಲಿಲ್ಲವಂತೆ. ಅದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಚಹಾ ಸೋಸುತ್ತಾ. ಎರಡು ಮಾನಿಟರ್ ಬಂದವು. ಭಾಯಿ ತಿಂಗಳುಗಟ್ಟಲೆ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಆ ಬೆಂಚಿನ ಮೇಲೆ ಒಂದು ದಿನ ಬರಗೂರು ಕಡೆಯ ಈರಮ್ಮ ಬಂದು ಕೂತರು. ಕುರಿ ಸಾಕಿಕೊಂಡಿದ್ದ, ಗಂಡ ಸತ್ತು ಬಹಳ ಕಾಲವಾಗಿದ್ದ ಹೆಂಗಸು. ಮಗಳನ್ನು ಪಾವಗಡ ಕಡೆಯ ತೆಲುಗು ಮನೆಗೆ, ವೈ.ಎನ್.ಹೊಸಕೋಟೆಗೆ ಕೊಡುತ್ತಿದ್ದರು. ಜೊತೆಗೆ ಅವರ ಗಂಡನ ಅಣ್ಣ. ಆ ಭಾವ ಚೀಟಿ ನೋಡಿಕೊಂಡು ಓದುತ್ತಾ ಹೋದರು, ನಾನು ಟೈಪು ಮಾಡುತ್ತಾ ಹೋದೆ. ತಾತನ ಹೆಸರು, ತೀರಿಕೊಂಡ ತಂದೆಯ ಹೆಸರು, ದೊಡ್ಡಪ್ಪನ ಹೆಸರು, ದೊಡ್ಡಪ್ಪನ ಮಕ್ಕಳ ಹೆಸರು. ಈರಮ್ಮ ಹೆಂಗಸರ ಸಂಘದಲ್ಲಿ ಸಹಿ ಮಾಡುವಷ್ಟು ಅಕ್ಷರ ಕಲಿತಿದ್ದರಂತೆ. ಬೆಂಚಿನಿಂದ ಮುಂದಕ್ಕೆ ಬಾಗಿ ಪರದೆಯನ್ನು ಮೇಲಿಂದ ಕೆಳಗೆ ನೋಡಿದರು. ಮತ್ತೊಮ್ಮೆ ನೋಡಿದರು.

“ನನ್ ಹೆಸ್ರು ಎಲ್ಲೈತವ್ವಾ?”

ನನ್ನ ಕೈ ನಿಂತಿತು. ಭಾವ ಗಂಟಲು ಸರಿಮಾಡಿಕೊಂಡು, “ಶುಭಕಾರ್ಯದ ಪತ್ರಿಕೆ ಕಣಮ್ಮ. ಗಂಡ ಇಲ್ದೋಳ್ ಹೆಸ್ರು ಹಾಕಿದ್ರೆ ನಾಕ್ ಜನ ಏನಂದಾರು?” ಎಂದರು. ಕೆಟ್ಟ ಮನುಷ್ಯರೇನಲ್ಲ. ಬಿಸಿಲಿಗೆ ಛತ್ರಿ ಹಿಡಿಯುವಷ್ಟು ಸಹಜವಾಗಿ ಹೇಳಿದರು.

“ಕುರಿ ಮಾರಿ ಮದ್ವೆ ಮಾಡ್ತಿರೋಳು ನಾನು,” ಎಂದರು ಈರಮ್ಮ. “ಕಾಯೋವಾಗ ಯಾರೂ ಬಂದು ಶಾಸ್ತ್ರ ಹೇಳ್ಲಿಲ್ಲ.”

ಭಾವ ಎದ್ದರು. ಹೆಸರು ಹಾಕುವುದಾದರೆ ಬೇರೆ ಅಂಗಡಿಯಲ್ಲಿ ಮಾಡಿಸುತ್ತೇವೆ ಎಂದು ಶಮೀಮಕ್ಕನಿಗೆ ಹೇಳಿದರು. ಅಕ್ಕ ಅವರಿಗೆ ಉತ್ತರ ಕೊಡದೆ ಈರಮ್ಮನ ಕಡೆ ತಿರುಗಿ, ಕಾರ್ಡು ಮಾಡಿಸ್ತಿರೋದು ಯಾರಮ್ಮ ಎಂದು ಕೇಳಿದರು. ನಾನೇ ಎಂದರು ಈರಮ್ಮ. ಹಾಗಾದರೆ ಎಲ್ಲಿ ಹಾಕಲಿ ಹೇಳಿ ಎಂದರು ಅಕ್ಕ. ಈರಮ್ಮ ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟು ಜಾಗ ತೋರಿಸಿದರು. ನಾನು ಒಂದೊಂದೇ ಅಕ್ಷರ ಒತ್ತಿದೆ. ಇನ್ನೊಂಚೂರು ದೊಡ್ಡದು ಮಾಡವ್ವ ಎಂದರು. ಮಾಡಿದೆ. ಭಾವ ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದರು.

ಇನ್ನು ಉಳಿದದ್ದು ಗಂಡಿನ ಕಡೆಯವರ ಭಯ. ತೆಲುಗಿನ ಭಾಗ ನೋಡಲು ಮಾರನೆಯ ದಿನ ಹೊಸಕೋಟೆಯಿಂದ ವರನ ತಂದೆ ಬಂದರು. ಈರಮ್ಮ ಸೆರಗು ಬಿಗಿಹಿಡಿದು ಬೆಂಚಿನ ತುದಿಯಲ್ಲಿ ಕೂತಿದ್ದರು. ಈ ಮದುವೆ ಇಲ್ಲೇ ಮುರಿದರೆ ಎಂದು ನಾನೂ ಬೀಗರ ಮುಖವನ್ನೇ ನೋಡುತ್ತಿದ್ದೆ. ಆತ ನಿಧಾನವಾಗಿ ಓದಿದರು. ಈರಮ್ಮನ ಹೆಸರಿನ ಹತ್ತಿರ ಬಂದು ಓದುವುದನ್ನು ನಿಲ್ಲಿಸಿದರು. ಹುಡುಗಿಯ ದೊಡ್ಡಪ್ಪನವರಿಗೆ ಇದು ಬೇಡವಾಗಿತ್ತು ಎಂದು ಅಕ್ಕನೇ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು.

“ತಲ್ಲಿ ಪೇರು ಲೇಕುಂಡಾ ಕಾರ್ಡೇಮಿಟಮ್ಮಾ?” ಎಂದರು ಆತ. “ತಾಯಿ ಹೆಸ್ರಿಲ್ದಿದ್ರೆ ಹುಡುಗೀನ ಹೆತ್ತೋರು ಯಾರು ಅಂತ ನಮ್ಮೋರು ಕೇಳಲ್ವಾ?” ಆಮೇಲೆ ತೆಲುಗಿನಲ್ಲಿದ್ದ ತಮ್ಮ ಹೆಂಡತಿಯ ಹೆಸರಿನ ಒಂದು ಒತ್ತಕ್ಷರ ತಪ್ಪಾಗಿದೆಯೆಂದು ತೋರಿಸಿದರು.

ಈರಮ್ಮ ಅತ್ತರೆಂದು ಬರೆದರೆ ನಿಮಗೆ ಹಿತವಾಗಬಹುದು. ಅಳಲಿಲ್ಲ. ಎಲೆ ಅಡಿಕೆ ಬಿಚ್ಚಿ ಬೀಗರಿಗೆ ಕೊಟ್ಟು ತಾವೂ ಹಾಕಿಕೊಂಡರು. ಭಾವ ಮದುವೆಗೆ ಬಂದರಂತೆ, ಧಾರೆಯ ಹೊತ್ತಿಗೆ ಹಿಂದೆ ನಿಂತಿದ್ದರಂತೆ, ಊಟ ಮಾಡಿದರಂತೆ. ಆ ವರ್ಷ ಆ ಕಡೆಯ ಗಂಡಸರ ಆರ್ಡರು ನಮಗೆ ಕಡಿಮೆಯಾಯಿತು. ಹೆಂಗಸರು ತಾವೇ ಬಸ್ಸು ಹತ್ತಿ ಬರತೊಡಗಿದರು. ಬಂದವರು ಬೆಂಚಿನ ಮೇಲೆ ಕೂತು ಪರದೆಯ ಕಡೆಗೆ ಬಾಗುತ್ತಿದ್ದರು.

ಎರಡು ಪರದೆ ಬಿಡಲಾರೆ ಎಂದು ನಾನು ಪಟ್ಟು ಹಿಡಿದದ್ದು ಯಾಕೆಂದು ಈಗ ನಿಮಗೆ ಗೊತ್ತಾಗಿರಬೇಕು. ಅಂಗಡಿಯನ್ನು ನನ್ನ ಕೈಗೆ ಒಪ್ಪಿಸಿ ಮನೆಯಲ್ಲಿ ಕೂತಿರುವ ಶಮೀಮಕ್ಕನ ಮಾತನ್ನು ನಾನು ಕಾಯುತ್ತಿದ್ದೇನೆಂದೇ ಭಾವಿಸಿದ್ದೆ. ಮೊನ್ನೆ ಅದೇ ಬೆಳಗ್ಗೆ ಅವರೇ ಬಂದರು, ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡು. ಮೂಲೆಯ ಪೆಟ್ಟಿಗೆ ನೋಡಿದರು. ವಾಪಸ್ಸು ಕಳಿಸುತ್ತಿದ್ದೇನೆ ಅಕ್ಕ, ನಮ್ಮದು ಎರಡೇ ಎಂದೆ, ಶಹಬಾಸ್ ಎನ್ನುತ್ತಾರೆಂದು ಕಾಯುತ್ತಾ.

“ಹುಚ್ಚಿ,” ಎಂದರು. “ಅವತ್ತು ನಂಗೆ ಎರಡು ಬೇಕಿತ್ತು, ಕೇಳ್ದೆ. ಇವತ್ತು ಸಣ್ಣಕ್ಷರ ಕಾಣಲ್ಲ, ದೊಡ್ಡುದ್ ಬೇಕು. ಅದೇನು ನಮಾಜಾ, ಬದಲಾಯಿಸಬಾರ್ದು ಅನ್ನೋಕೆ? ಬಿಚ್ಚು.”

ಬಿಚ್ಚಿದೆ. ಪರದೆ ಕೆಟ್ಟು ಮೂಲೆ ಸೇರಿದ್ದ ನನ್ನ ಹಳೇ ಲ್ಯಾಪ್‌ಟಾಪಿಗೆ ಜೋಡಿಸಿ, ಒಂದೊಂದು ಅಕ್ಷರ ಇಟ್ಟಿಗೆಯಷ್ಟು ಕಾಣುವಂತೆ ಮಾಡಿಕೊಟ್ಟೆ. ಅವರು ಕುರ್ಚಿ ಎಳೆದುಕೊಂಡು ಟೈಪು ಮಾಡಲು ಕೂತರು. ಅವರ ಕೇರಿಯಲ್ಲಿ ಪುಸ್ತಕದ ಕೋಣೆಯೊಂದಿದೆ. ಹೆಂಗಸರು ಮಧ್ಯಾಹ್ನ ಬಂದು ಓದುತ್ತಾರೆಂದು ಗೊತ್ತಾದ ಮೇಲೆ ಕೇರಿಯ ಹಿರಿಯರು ಅದಕ್ಕೆ ಮಧ್ಯಾಹ್ನ ಬೀಗ ಹಾಕತೊಡಗಿದ್ದಾರಂತೆ. ಆ ಹಿರಿಯರಿಗೆ ಈ ಕಾಗದ, ಉರ್ದು ಮೇಲೆ, ಕನ್ನಡ ಕೆಳಗೆ.

ಮಧ್ಯಾಹ್ನ ನಮ್ಮೆಜಮಾನರು ಬಂದರು. ಮೂರು ಪರದೆ ಉರಿಯುತ್ತಿರುವುದನ್ನು ಬಾಗಿಲಲ್ಲೇ ನಿಂತು ನೋಡಿದರು. ಇನ್ನೊಂದು ಮೇಜು ಬೇಕು, ನಾಳೆಯೇ ಎಂದೆ. ಗೇಣು ಹಾಕಿ ಮೂಲೆಯ ಅಗಲ ಅಳೆಯತೊಡಗಿದರು. ನಾನು ಶಮೀಮಕ್ಕನ ಹೆಗಲ ಮೇಲಿಂದ ಬಗ್ಗಿ ಓದಿದೆ. ‘ಕೋಣೆಯ ಬೀಗದ ಕೈಯನ್ನು ಶುಕ್ರವಾರದೊಳಗೆ ನಮ್ಮ ಕೈಗೆ ಕೊಡಬೇಕು’ ಎಂದಿತ್ತು. ಹಿರಿಯರಿಗೆ ಬರೆಯುತ್ತಿದ್ದೀರಿ, ‘ಕೊಡಬೇಕಾಗಿ ವಿನಂತಿ’ ಅಂತ ಮಾಡಲೇ ಎಂದು ಕೇಳಿದೆ.

ಬೇಡ ಎಂದರು. ನಾನು ಪ್ರಿಂಟರಿಗೆ ಹಾಳೆ ತುಂಬಿದೆ.